ಡೀಸೆಲ್ ಜನರೇಟರು: ದುಡಿಮೆಯಿಂದ ಕಾವಲಿಗೆ

ಡೀಸೆಲ್ ಜನರೇಟರಿಗೆ ಎರಡು ಚರಿತ್ರೆಗಳಿವೆ. ಮೊದಲನೆಯದರಲ್ಲಿ ಅದು ದಿನವೂ ದುಡಿಯುವ ಯಂತ್ರ. ತಂತಿ ತಲುಪದ ಊರಿನಲ್ಲಿ ಗಿರಣಿಗೆ, ಟೆಂಟ್ ಸಿನಿಮಾಕ್ಕೆ, ಜಾತ್ರೆಯ ದೀಪಕ್ಕೆ ಕರೆಂಟು ಕೊಟ್ಟದ್ದು ಅದೇ. ಎರಡನೆಯದರಲ್ಲಿ ಅದು ಕಾವಲಿನ ಯಂತ್ರ. ಊರಿಗೆ ತಂತಿ ಬಂದ ಮೇಲೆ, ಆ ತಂತಿ ಸತ್ತ ಗಳಿಗೆಗಾಗಿ ಅದು ಕಟ್ಟಡದ ಮೂಲೆಯಲ್ಲಿ ಕಾದು ಕುಳಿತಿತು. ಎರಡೂ ಕಾಲದ ಯಂತ್ರ ಹೆಚ್ಚುಕಡಿಮೆ ಒಂದೇ, ಕೈಕೊಡುವ ಬಗೆ ಮಾತ್ರ ಬೇರೆ. ದುಡಿಯುವ ಎಂಜಿನ್ನು ಸವೆದು ಕೆಡುತ್ತಿತ್ತು. ಕಾವಲಿನ ಎಂಜಿನ್ನು ಕೂತಲ್ಲೇ ಕೆಡುತ್ತದೆ.

ರುಡಾಲ್ಫ್ ಡೀಸೆಲ್‌ನ ಎಂಜಿನ್ನು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಪರೀಕ್ಷೆ ಗೆದ್ದದ್ದು 1897ರಲ್ಲಿ. ಆ ಕಾಲದ ಉಗಿ ಎಂಜಿನ್ನುಗಳು ಇಂಧನದ ಶಕ್ತಿಯಲ್ಲಿ ಹತ್ತನೆಯ ಒಂದು ಪಾಲನ್ನು ಕೆಲಸವಾಗಿ ಕೊಟ್ಟರೆ ಹೆಚ್ಚು. ಡೀಸೆಲ್‌ನ ಎಂಜಿನ್ನು ಕಾಲು ಪಾಲನ್ನು ಕೊಟ್ಟಿತು. ಅದಕ್ಕೆ ಕಿಡಿಯೂ ಬೇಕಿರಲಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಬಲವಾಗಿ ಅದುಮಿದರೆ ಹುಟ್ಟುವ ಶಾಖಕ್ಕೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಬಾಯ್ಲರಿಲ್ಲ, ಸೌದೆ ಕಲ್ಲಿದ್ದಲಿನ ರಾಶಿಯಿಲ್ಲ, ಉಗಿ ಏರುವವರೆಗೆ ಕಾಯುವ ತಾಪತ್ರಯವಿಲ್ಲ. ನಿಮಿಷದೊಳಗೆ ಚಾಲೂ ಆಗಬಲ್ಲ ಈ ಗುಣವೇ ಮುಂದೆ ಅದಕ್ಕೆ ಕಾವಲಿನ ಕೆಲಸ ತಂದುಕೊಟ್ಟಿತು.

ಮೈಸೂರು ಸಂಸ್ಥಾನಕ್ಕೆ ಕರೆಂಟು ಬಂದದ್ದು ಎಣ್ಣೆಯಿಂದಲ್ಲ, ನೀರಿನಿಂದ. 1902ರ ಜೂನ್‌ನಲ್ಲಿ ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 92 ಮೈಲಿ ದೂರ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಆದರೆ ಬೇಸಿಗೆಯಲ್ಲಿ ಕಾವೇರಿ ಸೊರಗುತ್ತಿದ್ದಳು, ಗಣಿಗೆ ಮಾತು ಕೊಟ್ಟಷ್ಟು ಕರೆಂಟು ಕೊಡುವುದು ಕಷ್ಟವಾಗುತ್ತಿತ್ತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದಕ್ಕೆ ಮಂಡ್ಯದ ಗದ್ದೆಗಳಷ್ಟೇ ಈ ಗಣಿಯ ಕರೆಂಟೂ ಕಾರಣ. ಮುಂಗಾರು ಕೈಕೊಟ್ಟರೆ ಕರೆಂಟೂ ಕೈಕೊಡುತ್ತದೆ ಎಂಬುದು ಆಗಲೇ ಗೊತ್ತಾಗಿದ್ದ ಪಾಠ. ಅದಕ್ಕೆ ಅಂದು ಹುಡುಕಿದ ಉತ್ತರ ಅಣೆಕಟ್ಟು. ಜನರೇಟರು ಉತ್ತರವಾಗಿ ಬರಲು ಇನ್ನೂ ಅರುವತ್ತು ವರ್ಷ ಬೇಕಿತ್ತು.

ಅಲ್ಲಿಯವರೆಗೆ ಡೀಸೆಲ್ ಎಂಜಿನ್ನು ಇದ್ದದ್ದು ತಂತಿಯ ಆಚೆಗಿನ ಊರುಗಳಲ್ಲಿ. ಟೂರಿಂಗ್ ಟಾಕೀಸಿನ ಎಂಜಿನ್ನು ಅದರ ಒಳ್ಳೆಯ ಮಾದರಿ. ಡೇರೆಯ ಹಿಂದೆ ತಡಿಕೆಯ ಮರೆಯಲ್ಲಿ ಲಿಸ್ಟರ್ ಮಾದರಿಯದೊಂದು ಎಂಜಿನ್ನು, ಪಕ್ಕದಲ್ಲಿ ಅದನ್ನು ತಣ್ಣಗಿಡುವ ನೀರಿನ ಡ್ರಮ್ಮು. ನಿಮಿಷಕ್ಕೆ 650 ಸುತ್ತು, ಅಷ್ಟೇ. ಆಟಕ್ಕೆ ಮೊದಲು ಒಬ್ಬಾತ ಡಿಕಂಪ್ರೆಶನ್ ಲಿವರ್ ಎತ್ತಿ, ಹ್ಯಾಂಡಲ್ ಸಿಕ್ಕಿಸಿ, ಭಾರವಾದ ಫ್ಲೈವೀಲಿಗೆ ವೇಗ ಬರುವವರೆಗೆ ತಿರುಗಿಸುತ್ತಿದ್ದ. ಲಿವರ್ ಬಿಟ್ಟೊಡನೆ ಎಂಜಿನ್ನು ಒಂದೆರಡು ಸಲ ಕೆಮ್ಮಿ ಲಯ ಹಿಡಿಯುತ್ತಿತ್ತು. ಪ್ರೊಜೆಕ್ಟರಿನ ಕಾರ್ಬನ್ ಕಡ್ಡಿಗಳ ಬೆಳಕು ಅದರ ಲಯವನ್ನೇ ನಂಬಿತ್ತು. ಎಂಜಿನ್ನು ಒಂದು ಉಸಿರು ತಪ್ಪಿದರೆ ಪರದೆ ಮಂಕಾಗುತ್ತಿತ್ತು, ಡೇರೆಯೊಳಗೆ ಶಿಳ್ಳೆ ಏಳುತ್ತಿತ್ತು.

ಈ ಏರ್ಪಾಡಿನಲ್ಲಿ ಬ್ಯಾಟರಿ ಇರಲಿಲ್ಲ. ಹ್ಯಾಂಡಲ್ ಹೊಡೆಯುವ ಆಳೇ ಬ್ಯಾಟರಿ. ದಿನಕ್ಕೆರಡು ಆಟ ಓಡಿಸುವ ಎಂಜಿನ್ನಿನ ಸದ್ದು ಅವನಿಗೆ ಬಾಯಿಪಾಠ. ನಾಜಲ್ಲು ಕಟ್ಟಿದೆಯೋ, ಏರ್ ಲಾಕ್ ಆಗಿದೆಯೋ, ನೀರು ಕಾದಿದೆಯೋ ಎಂಬುದು ಮೀಟರಿಗಿಂತ ಮೊದಲು ಕಿವಿಗೆ ತಿಳಿಯುತ್ತಿತ್ತು. ಕೆಟ್ಟರೆ ಆ ರಾತ್ರಿಯೇ ಬಿಚ್ಚಿ ಕೂಡಿಸಬೇಕು, ಇಲ್ಲದಿದ್ದರೆ ನಾಳೆಯ ಗಲ್ಲಾಪೆಟ್ಟಿಗೆ ಖಾಲಿ. ಇಂಥ ಎಂಜಿನ್ನಿನ ವಿಶ್ವಾಸಾರ್ಹತೆಯ ಬಗ್ಗೆ ಯಾರೂ ವರದಿ ಬರೆದಿಟ್ಟಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ.

ಈ ಯಂತ್ರಗಳು ಇಲ್ಲಿಯೇ ತಯಾರಾಗುವಂತಾದದ್ದರಲ್ಲಿ ಕಿರ್ಲೋಸ್ಕರ್ ಮನೆತನದ ಪಾಲು ದೊಡ್ಡದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿದವರು. 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್, ಅದೇ ವರ್ಷ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಸ್ಥಾಪನೆಯಾದವು. ಒಂದು ಕಡೆ ಎಂಜಿನ್ನು, ಇನ್ನೊಂದು ಕಡೆ ಅದು ತಿರುಗಿಸುವ ಆಲ್ಟರ್ನೇಟರು. ಎರಡನ್ನೂ ಒಂದೇ ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಿದರೆ ಸೆಟ್ಟು. 1962ರಲ್ಲಿ ಪುಣೆಗೆ ಅಮೆರಿಕದ ಕಮಿನ್ಸ್ ಕಂಪನಿ ಬಂದ ಮೇಲೆ ದೊಡ್ಡ ಅಳತೆಯ, ನಿಮಿಷಕ್ಕೆ 1500 ಸುತ್ತಿನ ಎಂಜಿನ್ನುಗಳೂ ದೇಶದಲ್ಲೇ ಸಿಗತೊಡಗಿದವು. ನಾಲ್ಕು ಧ್ರುವಗಳ ಆಲ್ಟರ್ನೇಟರು 50 ಹರ್ಟ್ಸ್‌ನ ಕರೆಂಟು ಕೊಡಬೇಕಾದರೆ ಬೇಕಾದ ವೇಗ ಅದೇ.

ಯಂತ್ರ ಸಿದ್ಧವಾಗಿತ್ತು, ಕೊಳ್ಳುವ ಕಾರಣ 1970ರ ದಶಕದಲ್ಲಿ ಬಂತು. 1948ರಲ್ಲಿ ಜೋಗ, 1960ರ ದಶಕದ ನಡುವೆ ಶರಾವತಿ ಕೇಂದ್ರ ಶುರುವಾದಾಗ ರಾಜ್ಯದಲ್ಲಿ ಕರೆಂಟು ಧಾರಾಳವಾಗಿತ್ತು. ಆ ಧಾರಾಳವನ್ನು ನಂಬಿ ಕೈಗಾರಿಕೆಗಳು ಬಂದವು, ಪಂಪ್‌ಸೆಟ್ಟುಗಳು ಬಂದವು, ಬೇಡಿಕೆ ನೀರನ್ನು ಮೀರಿತು. ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ 1985ರಲ್ಲಿ ಆರಂಭವಾಗುವವರೆಗೆ ರಾಜ್ಯದ ಸ್ವಂತ ಉತ್ಪಾದನೆ ಬಹುಪಾಲು ಮಳೆಯ ಮೇಲೇ ನಿಂತಿತ್ತು. ಶರಾವತಿಯ ಲಿಂಗನಮಕ್ಕಿ ಜಲಾಶಯ ಪೂರ್ತಿ ತುಂಬಿ 1819 ಅಡಿ ಮುಟ್ಟೀತೇ ಎಂದು ಜುಲೈ ತಿಂಗಳಲ್ಲಿ ಪತ್ರಿಕೆಯ ಜಲಾಶಯದ ಅಂಕಣ ನೋಡುವ ಅಭ್ಯಾಸ ರೈತರಷ್ಟೇ ಕಾರ್ಖಾನೆ ಮಾಲೀಕರಿಗೂ ಬಂತು. ‘ಪವರ್ ಕಟ್’, ‘ಲೋಡ್ ಶೆಡ್ಡಿಂಗ್’ ಎಂಬ ಮಾತುಗಳು ಮನೆಮಾತಾದವು. ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಿಗೆ, ಚಿತ್ರಮಂದಿರಗಳಿಗೆ, ನರ್ಸಿಂಗ್ ಹೋಮುಗಳಿಗೆ ಸೆಟ್ಟುಗಳು ಬಂದವು. 1980ರ ದಶಕದ ಕೊನೆಗೆ ಅಂಗಡಿ ಮುಂಗಟ್ಟುಗಳ ಮುಂದೆ ಸೀಮೆಎಣ್ಣೆಯಲ್ಲಿ ಓಡುವ ಪುಟ್ಟ ಜನರೇಟರುಗಳೂ ಸಂಜೆಯ ಹೊತ್ತು ಗುರುಗುಟ್ಟತೊಡಗಿದವು. ಸರ್ಕಾರವೇ ಕೊನೆಗೆ ಇದೇ ದಾರಿ ಹಿಡಿಯಿತು. 1993–94ರಲ್ಲಿ ಯಲಹಂಕದಲ್ಲಿ ಆರು ಡೀಸೆಲ್ ಘಟಕಗಳು ಸೇರಿ ಸುಮಾರು 128 ಮೆಗಾವಾಟ್ ಕೊಡುವ ಕೇಂದ್ರ ತಲೆಯೆತ್ತಿತು. ಒಂದು ಮಹಾನಗರಕ್ಕೆ ಜನರೇಟರು ಇಟ್ಟಂತೆ. ಇಂಧನದ ವೆಚ್ಚಕ್ಕೆ ಹೆದರಿ ಅದನ್ನು ಓಡಿಸದೆ ನಿಲ್ಲಿಸಿದ ಕಾಲವೇ ಹೆಚ್ಚು.

ಈ ಹಂತದಲ್ಲಿ ಯಂತ್ರದ ಕೆಲಸ ಸದ್ದಿಲ್ಲದೆ ಬದಲಾಯಿತು. ಲೋಡ್ ಶೆಡ್ಡಿಂಗಿನ ದಿನಗಳಲ್ಲಿ ದಿನಕ್ಕೆ ನಾಲ್ಕಾರು ಗಂಟೆ ಓಡುತ್ತಿದ್ದ ಸೆಟ್ಟು, ಸರಬರಾಜು ಸುಧಾರಿಸಿದಂತೆ ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಓಡುವಂತಾಯಿತು. ಹ್ಯಾಂಡಲ್ ಹೋಗಿ ಸೆಲ್ಫ್ ಸ್ಟಾರ್ಟರ್ ಬಂತು. ಆಪರೇಟರ್ ಹೋಗಿ ಎಎಂಎಫ್ ಪ್ಯಾನೆಲ್ ಬಂತು. ಕರೆಂಟು ಹೋದದ್ದನ್ನು ತಾನೇ ಕಂಡು ಎಂಜಿನ್ನನ್ನು ಚಾಲೂ ಮಾಡಿ ಲೋಡನ್ನು ಅತ್ತ ತಿರುಗಿಸುವ ಪೆಟ್ಟಿಗೆ ಅದು. ಅದಕ್ಕೆ ಮೊದಲು ಇದ್ದ ಚೇಂಜ್‌ಓವರ್ ಸ್ವಿಚ್ಚನ್ನು ಕೈಯಿಂದ ಎಳೆಯಬೇಕಿತ್ತು. ಅದೂ ಇಲ್ಲದೆ ನೇರವಾಗಿ ಮನೆಯ ತಂತಿಗೆ ಜನರೇಟರು ಸಿಕ್ಕಿಸಿದವರೂ ಇದ್ದರು. ಹಾಗೆ ಮಾಡಿದರೆ ಕರೆಂಟು ಹಿಮ್ಮುಖವಾಗಿ ಟ್ರಾನ್ಸ್‌ಫಾರ್ಮರ್ ಏರಿ, ಲೈನು ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಪ್ರಾಣ ತೆಗೆಯಬಲ್ಲದು.

ಕಾವಲಿನ ಸೆಟ್ಟಿಗೆ ಎರಡು ಪರೀಕ್ಷೆಗಳಿವೆ. ಕರೆದಾಗ ಏಳಬೇಕು, ಎದ್ದ ಮೇಲೆ ಬಾಳಬೇಕು. ಏಳದಿರುವುದಕ್ಕೆ ಅತಿ ಸಾಮಾನ್ಯ ಕಾರಣ ಬ್ಯಾಟರಿ. ಲಕ್ಷಾಂತರ ರೂಪಾಯಿಯ ಯಂತ್ರ ಕೆಲವು ಸಾವಿರದ ಬ್ಯಾಟರಿಯ ಟರ್ಮಿನಲ್ಲಿಗೆ ಹಿಡಿದ ಹಸಿರು ಕಿಲುಬಿನ ಮುಂದೆ ಸೋತು ನಿಲ್ಲುತ್ತದೆ. ಚಾರ್ಜರಿನ ಪ್ಲಗ್ಗನ್ನು ಯಾರೋ ತೆಗೆದು ಮೊಬೈಲ್ ಚಾರ್ಜಿಗೆ ಹಾಕಿರುವುದು, ರಿಪೇರಿಗೆ ಬಂದವನು ‘ಆಟೋ’ದಿಂದ ‘ಮ್ಯಾನ್ಯುಯಲ್’ಗೆ ತಿರುಗಿಸಿದ ಸ್ವಿಚ್ಚನ್ನು ಹಾಗೇ ಬಿಟ್ಟು ಹೋಗಿರುವುದು ಇದೇ ಜಾತಿಗೆ ಸೇರಿದವು. ಇನ್ನೊಂದು ಕಾಯಿಲೆಯನ್ನು ಟ್ರಯಲ್ ರನ್ನೇ ತರುತ್ತದೆ. ಲೋಡಿಲ್ಲದೆ ಹತ್ತು ನಿಮಿಷ ಓಡಿಸಿ ನಿಲ್ಲಿಸಿದರೆ ಎಂಜಿನ್ನು ಪೂರ್ತಿ ಕಾಯುವುದಿಲ್ಲ, ಅರೆಸುಟ್ಟ ಎಣ್ಣೆ ಕಪ್ಪು ಜಿಗುಟಾಗಿ ಹೊಗೆ ಕೊಳವೆಯಲ್ಲಿ ಕೂರುತ್ತದೆ. ಅಮೆರಿಕದ ಆಸ್ಪತ್ರೆಗಳ ನಿಯಮ ಇದನ್ನರಿತೇ ತಿಂಗಳಿಗೊಮ್ಮೆ 30 ನಿಮಿಷ, ಕನಿಷ್ಠ ಶೇಕಡ 30ರಷ್ಟು ಲೋಡ್ ಹಾಕಿ ಓಡಿಸಬೇಕೆಂದು ಹೇಳುತ್ತದೆ. ಜೀವರಕ್ಷಕ ಸಾಧನಗಳಿಗೆ 10 ಸೆಕೆಂಡಿನೊಳಗೆ ಕರೆಂಟು ಮರಳಬೇಕೆಂಬುದೂ ಅಲ್ಲಿನ ಕಟ್ಟಳೆ. ಇಂಥ ಕಟ್ಟಳೆಗಳ ಬೆನ್ನಿಗಿರುವ ನೆನಪುಗಳಲ್ಲಿ 1965ರ ನವೆಂಬರ್ 9ರ ಸಂಜೆ ದೊಡ್ಡದು. ಅಂದು ನ್ಯೂಯಾರ್ಕ್ ಸಹಿತ ಅಮೆರಿಕದ ಈಶಾನ್ಯ ಭಾಗದಲ್ಲೂ ಕೆನಡಾದ ಒಂಟಾರಿಯೊದಲ್ಲೂ ಸುಮಾರು 3 ಕೋಟಿ ಜನ ಕತ್ತಲಲ್ಲಿ ಮುಳುಗಿದ್ದರು, ಹಲವು ಆಸ್ಪತ್ರೆಗಳಲ್ಲಿ ತುರ್ತು ಕರೆಂಟಿನ ಏರ್ಪಾಡೇ ಇರಲಿಲ್ಲ.

ಬಾಳುವುದು ಇನ್ನೂ ಕಠಿಣ. 100 ಕೆವಿಎ ಸೆಟ್ಟೊಂದು ತುಂಬು ಲೋಡಿನಲ್ಲಿ ಗಂಟೆಗೆ ಸುಮಾರು 22 ಲೀಟರ್ ಡೀಸೆಲ್ ಕುಡಿಯುತ್ತದೆ. ಒಂದೇ ಟ್ಯಾಂಕಿನಲ್ಲಿ ಸಾವಿರ ಲೀಟರ್ ದಾಟಿದರೆ ಪೆಟ್ರೋಲಿಯಂ ಕಾಯಿದೆಯಂತೆ ಲೈಸೆನ್ಸ್ ಬೇಕು. ಅದಕ್ಕೇ ಭಾರತದ ಕಟ್ಟಡಗಳಲ್ಲಿ 990 ಲೀಟರಿನ ಟ್ಯಾಂಕು ಒಂದು ಪದ್ಧತಿಯೇ ಆಗಿಹೋಗಿದೆ. ಆ ಲೆಕ್ಕದಲ್ಲಿ ತುಂಬಿದ ಟ್ಯಾಂಕು ಎಂದರೆ 45 ಗಂಟೆ, ಪೂರ್ತಿ ಎರಡು ದಿನವೂ ಅಲ್ಲ. ಆ ಡೀಸೆಲ್ಲೂ ವರ್ಷಗಟ್ಟಲೆ ಕೂತಿದ್ದಾದರೆ ತಳದಲ್ಲಿ ನೀರು ಇಳಿದು, ನೀರಿಗೂ ಎಣ್ಣೆಗೂ ನಡುವೆ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗಿರುತ್ತದೆ. ಮೊದಲ ಅರ್ಧ ದಿನ ಸರಿಯಾಗಿ ಓಡಿದ ಎಂಜಿನ್ನು ಟ್ಯಾಂಕಿನ ತಳ ಕಲಕಿದಾಗ ಫಿಲ್ಟರು ಕಟ್ಟಿ ನಿಲ್ಲುವುದು ಹೀಗೆ. ಎಂಜಿನ್ ಆಯಿಲ್ಲಿನದು ಇನ್ನೊಂದು ಲೆಕ್ಕ. ಸುಮಾರು 250 ಗಂಟೆಗೊಮ್ಮೆ ಅದನ್ನು ಬದಲಿಸುವುದು ರೂಢಿ. ತಿಂಗಳಿಗೆ ಎರಡು ಗಂಟೆ ಓಡುವ ಸೆಟ್ಟಿಗೆ 250 ಗಂಟೆ ತುಂಬಲು ಹತ್ತು ವರ್ಷಕ್ಕೂ ಹೆಚ್ಚು ಬೇಕು. ಹಗಲು ರಾತ್ರಿ ಓಡಿದರೆ ಹತ್ತೂವರೆ ದಿನದೊಳಗೆ ಮುಗಿಯುತ್ತದೆ. ಕಾವಲಿನ ಅಳತೆಗೆಂದೇ ತಯಾರಾದ ಸೆಟ್ಟಿನ ಮೇಲೆ ಬರೆದ ಸಾಮರ್ಥ್ಯವೂ ವರ್ಷಕ್ಕೆ 200 ಗಂಟೆಯ ಓಟಕ್ಕೆ ಹೊಂದಿಸಿದ್ದು. ಕೊಳ್ಳುವವರಲ್ಲಿ ಆ ಫಲಕವನ್ನು ಓದುವವರು ವಿರಳ.

ಭಾರತದಲ್ಲಿ ಕಾವಲಿನ ಸೆಟ್ಟುಗಳ ಅತಿ ಗಂಭೀರ ಪರೀಕ್ಷೆ ನಡೆದದ್ದು ಉತ್ತರ ಪ್ರದೇಶದ ನರೋರಾ ಪರಮಾಣು ವಿದ್ಯುತ್ ಕೇಂದ್ರದಲ್ಲಿ, 1993ರ ಮಾರ್ಚ್ 31ರ ನಸುಕಿನಲ್ಲಿ. ಮೊದಲ ಘಟಕದ ಟರ್ಬೈನಿನ ಎರಡು ರೆಕ್ಕೆಗಳು ಮುರಿದವು. ಯಂತ್ರ ಭೀಕರವಾಗಿ ನಡುಗಿ, ಆಲ್ಟರ್ನೇಟರನ್ನು ತಣ್ಣಗಿಡುವ ಹೈಡ್ರೋಜನ್ ಸೋರಿ ಹೊತ್ತಿಕೊಂಡಿತು. ಎಣ್ಣೆಗೂ ಬೆಂಕಿ ತಗಲಿತು. ಸಿಬ್ಬಂದಿ ರಿಯಾಕ್ಟರನ್ನು ಕೂಡಲೇ ನಿಲ್ಲಿಸಿದರು. ಆದರೆ ನಿಂತ ರಿಯಾಕ್ಟರೂ ಬಿಸಿ ಹುಟ್ಟಿಸುತ್ತಲೇ ಇರುತ್ತದೆ, ಅದನ್ನು ತಂಪಾಗಿಡುವ ಪಂಪುಗಳಿಗೆ ಕರೆಂಟು ಬೇಕು. ಕೇಂದ್ರದಲ್ಲಿ ಡೀಸೆಲ್ ಜನರೇಟರುಗಳಿದ್ದವು. ಅವುಗಳ ಕೇಬಲ್ಲುಗಳೂ ಮುಖ್ಯ ಸರಬರಾಜಿನ ಕೇಬಲ್ಲುಗಳೂ ಬೆಂಕಿ ತಡೆಯುವ ಗೋಡೆಯಿಲ್ಲದೆ ಒಂದೇ ದಾರಿಯಲ್ಲಿ ಹಾದುಹೋಗಿದ್ದವು, ಒಟ್ಟಿಗೇ ಸುಟ್ಟವು. ಕೆಲವೇ ನಿಮಿಷಗಳಲ್ಲಿ ಘಟಕ ಪೂರ್ತಿ ಕತ್ತಲಾಯಿತು. ಆ ಕತ್ತಲೆ ಸುಮಾರು 17 ಗಂಟೆ ಇತ್ತು. ಹೊಗೆ ತುಂಬಿದ ನಿಯಂತ್ರಣ ಕೊಠಡಿಯನ್ನು ಬಿಟ್ಟು ಸಿಬ್ಬಂದಿ ಹೊರಬರಬೇಕಾಯಿತು.

ಅಂದು ಕೈಹಿಡಿದದ್ದೂ ಡೀಸೆಲ್ ಎಂಜಿನ್ನೇ, ಆದರೆ ಜನರೇಟರಿನದಲ್ಲ. ಬೆಂಕಿ ನಂದಿಸಲೆಂದು ಇಟ್ಟಿದ್ದ ಪಂಪುಗಳಿಗೆ ತಮ್ಮದೇ ಎಂಜಿನ್ನುಗಳಿದ್ದವು. ಎಂಜಿನ್ನು ನೇರವಾಗಿ ಪಂಪನ್ನು ತಿರುಗಿಸುತ್ತಿತ್ತು. ನಡುವೆ ಆಲ್ಟರ್ನೇಟರಿಲ್ಲ, ಪ್ಯಾನೆಲಿಲ್ಲ, ಸುಡುವ ಉದ್ದನೆಯ ಕೇಬಲಿಲ್ಲ. ಅವುಗಳ ನೀರನ್ನು ಉಗಿ ಉತ್ಪಾದಕಗಳಿಗೆ ಹರಿಸಿ ರಿಯಾಕ್ಟರಿನ ಬಿಸಿ ಇಳಿಸಲಾಯಿತು. ಕೆಲವರು ಟಾರ್ಚ್ ಹಿಡಿದು ಒಳಹೋಗಿ, ರಿಯಾಕ್ಟರ್ ಮತ್ತೆ ಚುರುಕಾಗದಂತೆ ಬೋರಾನ್ ದ್ರಾವಣ ಬಿಡುವ ವಾಲ್ವುಗಳನ್ನು ಕೈಯಿಂದ ತೆರೆದರು. ವಿಕಿರಣ ಹೊರಬೀಳಲಿಲ್ಲ. ಆಗಿನ್ನೂ ನಿರ್ಮಾಣದಲ್ಲಿದ್ದ ಕಾರವಾರ ಬಳಿಯ ಕೈಗಾ ಸೇರಿ ದೇಶದ ಪರಮಾಣು ಕೇಂದ್ರಗಳಲ್ಲಿ ಮುಖ್ಯ ಕೇಬಲ್ಲನ್ನೂ ತುರ್ತು ಕೇಬಲ್ಲನ್ನೂ ಬೇರೆ ಬೇರೆ ದಾರಿಯಲ್ಲಿ ಒಯ್ಯಬೇಕೆಂಬ ಪಾಠಕ್ಕೆ ನರೋರಾವೇ ಮೂಲ. ಅಮೆರಿಕದ ಪರಮಾಣು ನಿಯಂತ್ರಣ ಆಯೋಗ 1988ರ ಹೊತ್ತಿಗೇ ಇಂಥ ಪೂರ್ಣ ಕತ್ತಲೆಗೆ ಪ್ರತ್ಯೇಕ ನಿಯಮ ಮಾಡಿತ್ತು. ನೂರು ಸಲ ಕರೆದರೆ 95 ಸಲ, ಕೆಲವು ಕೇಂದ್ರಗಳಲ್ಲಿ 97.5 ಸಲ ಸೆಟ್ಟು ಎದ್ದು ಲೋಡು ಹೊರಬೇಕೆಂಬುದು ಅದು ಇಟ್ಟುಕೊಂಡ ಗುರಿ. ಉಳಿದ ಕೆಲವು ಸಲದ ಲೆಕ್ಕವನ್ನು ಎರಡನೆಯ, ಮೂರನೆಯ ಸೆಟ್ಟು ತುಂಬಬೇಕು.

ಆದರೆ ಎರಡನೆಯದೂ ಮೂರನೆಯದೂ ಅದೇ ನೆಲಮಾಳಿಗೆಯಲ್ಲಿದ್ದರೆ ಈ ಲೆಕ್ಕ ನಿಲ್ಲುವುದಿಲ್ಲ. ಜಪಾನಿನ ಫುಕುಶಿಮಾ ದಾಯಿಚಿ ಪರಮಾಣು ಕೇಂದ್ರದಲ್ಲಿ 13 ಸೆಟ್ಟುಗಳಿದ್ದವು. 2011ರ ಮಾರ್ಚ್ 11ರಂದು ಭೂಕಂಪದಿಂದ ಹೊರಗಿನ ಕರೆಂಟು ಹೋದಾಗ, ರಿಪೇರಿಯಲ್ಲಿದ್ದ ಒಂದನ್ನು ಬಿಟ್ಟು, ಅವು ಕರೆದೊಡನೆ ಎದ್ದವು. ಆ ಮಟ್ಟಿಗೆ ಪರೀಕ್ಷೆ ಗೆದ್ದವು. ಸುಮಾರು 50 ನಿಮಿಷದ ನಂತರ ಸುನಾಮಿ ಬಂತು. ಹೆಚ್ಚಿನವು ನೆಲಮಾಳಿಗೆಗಳಲ್ಲಿದ್ದು ಮುಳುಗಿದವು. ಗಾಳಿಯಿಂದ ತಣಿಯುವ ಎರಡು ಸೆಟ್ಟುಗಳು ನೆಲದ ಮಟ್ಟದಲ್ಲಿದ್ದು ಒದ್ದೆಯಾಗದೆ ಉಳಿದರೂ ಅವುಗಳ ಸ್ವಿಚ್ಚುಗಳ ಪ್ಯಾನೆಲು ಕೆಳಗಿತ್ತು, ಅದು ಮುಳುಗಿತು. ಎಂಜಿನ್ನು ಸರಿಯಿದ್ದೂ ಕರೆಂಟನ್ನು ಎಲ್ಲಿಗೂ ಕಳಿಸಲಾಗಲಿಲ್ಲ. ಆರನೆಯ ಘಟಕದ ಒಂದೇ ಒಂದು ಸೆಟ್ಟು, ಪ್ಯಾನೆಲಿನ ಸಮೇತ ಬದುಕಿ, ಐದನೆಯ ಮತ್ತು ಆರನೆಯ ಘಟಕಗಳೆರಡನ್ನೂ ಕಾಪಾಡಿತು. ಮರುವರ್ಷ ಅಕ್ಟೋಬರ್‌ನಲ್ಲಿ ಸ್ಯಾಂಡಿ ಚಂಡಮಾರುತದ ನೀರು ನ್ಯೂಯಾರ್ಕಿಗೆ ನುಗ್ಗಿದಾಗ ಬೆಲ್‌ವ್ಯೂ ಆಸ್ಪತ್ರೆಯ ಜನರೇಟರುಗಳು ಸುರಕ್ಷಿತವಾಗಿ 13ನೆಯ ಮಹಡಿಯಲ್ಲಿದ್ದವು. ಅವಕ್ಕೆ ಡೀಸೆಲ್ ಏರಿಸುವ ಪಂಪುಗಳು ಮಾತ್ರ ನೆಲಮಾಳಿಗೆಯಲ್ಲಿದ್ದವು. ಸಿಬ್ಬಂದಿ ಮತ್ತು ಸೈನಿಕರು ಮೆಟ್ಟಿಲಿನುದ್ದಕ್ಕೂ ಸಾಲಾಗಿ ನಿಂತು, ಕೈಯಿಂದ ಕೈಗೆ ದಾಟಿಸುತ್ತ 13 ಮಹಡಿ ಡೀಸೆಲ್ ಏರಿಸಿದರು. ಕೊನೆಗೆ ರೋಗಿಗಳನ್ನು ಬೇರೆಡೆಗೆ ಸಾಗಿಸಲೇಬೇಕಾಯಿತು.

ಇದರ ನಡುವೆ, 2012ರ ಜುಲೈ 30 ಮತ್ತು 31ರಂದು, ಉತ್ತರ ಭಾರತದ ಜಾಲ ಎರಡು ಸಲ ಕುಸಿಯಿತು. ಎರಡನೆಯ ದಿನ ಪೂರ್ವ, ಈಶಾನ್ಯದ ಜಾಲಗಳೂ ಬಿದ್ದು 60 ಕೋಟಿಗೂ ಹೆಚ್ಚು ಜನರಿರುವ ಪ್ರದೇಶ ಕತ್ತಲಾಯಿತು. ಆಸ್ಪತ್ರೆ, ವಿಮಾನ ನಿಲ್ದಾಣಗಳನ್ನು ಜನರೇಟರುಗಳು ನಡೆಸಿದವು. ಕತ್ತಲೆ ಗಂಟೆಗಳ ಲೆಕ್ಕದ್ದಾಗಿತ್ತು, ಟ್ಯಾಂಕಿನಲ್ಲಿದ್ದ ಎಣ್ಣೆ ಸಾಕಾಯಿತು. ಅದಲ್ಲದೆ ಆ ಊರುಗಳ ಸೆಟ್ಟುಗಳಿಗೆ ಬೇಸಿಗೆಯುದ್ದಕ್ಕೂ ಓಡಿ ಅಭ್ಯಾಸವಿತ್ತು. ಕರ್ನಾಟಕಕ್ಕೆ ಅಂದು ಬಿಸಿ ತಟ್ಟಲಿಲ್ಲ. ದಕ್ಷಿಣದ ಜಾಲ ಆಗಿನ್ನೂ ಬೇರೆಯಿತ್ತು. ರಾಯಚೂರು–ಸೊಲ್ಲಾಪುರದ 765 ಕಿಲೋವೋಲ್ಟ್ ಮಾರ್ಗ ಅದನ್ನು ದೇಶದ ಜಾಲಕ್ಕೆ ಬೆಸೆದದ್ದು 2013ರ ಡಿಸೆಂಬರ್ 31ರಂದು.

ಕರ್ನಾಟಕದಲ್ಲಿ ದಿನಗಟ್ಟಲೆಯ ಕತ್ತಲೆ ಬರುವುದು ಮಳೆಯ ಜೊತೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಕಂಬಗಳ ಜೊತೆ ರಸ್ತೆಗಳೂ ಹೋದವು. ರಸ್ತೆಯಿಲ್ಲದಲ್ಲಿ ಡೀಸೆಲ್ ಕ್ಯಾನು ಹೊತ್ತು ಮೊಬೈಲ್ ಟವರಿನವರೆಗೆ ಹೋಗುವವರು ಯಾರು? ಮಲೆನಾಡಿನಲ್ಲಿ ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಮೊಬೈಲಿನ ನೆಟ್‌ವರ್ಕ್ ಹೋಗುವುದು ಮಳೆಗಾಲದ ಹಳೆಯ ದೂರು. ಟವರಿನ ಬುಡದಲ್ಲಿ ಜನರೇಟರಿನ ಪೆಟ್ಟಿಗೆ ಇರುತ್ತದೆ, ಬ್ಯಾಟರಿ ಇಳಿಯುವವರೆಗೆ ಸಿಗ್ನಲ್ಲೂ ಇರುತ್ತದೆ, ಪೆಟ್ಟಿಗೆಯೊಳಗೆ ಎಣ್ಣೆ ಇರುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಣ ಬಡಾವಣೆಗಳ ನೆಲಮಾಳಿಗೆಗಳಿಗೆ ನೀರು ನುಗ್ಗಿದಾಗ ಕಾರುಗಳ ಜೊತೆಗೆ ಮೀಟರ್ ಬೋರ್ಡು, ಪಂಪುಗಳೂ ಮುಳುಗಿದವು. ಅಂಥ ಕಡೆ ಜನರೇಟರು ಮೇಲೆ ಒಣ ಜಾಗದಲ್ಲಿದ್ದರೂ ಉಪಯೋಗವಿಲ್ಲ. ಮನೆಗಳಿಗೆ ಕರೆಂಟು ಹಂಚುವ ಬೋರ್ಡು ಕೆಳಗೆ ನೀರಿನಲ್ಲಿರುತ್ತದೆ.

ನಗರಗಳಲ್ಲಿ ಸೆಟ್ಟು ನೆಲಮಾಳಿಗೆಗೂ ಹಿತ್ತಲಿಗೂ ಸರಿದದ್ದಕ್ಕೆ ಜಾಗದ ಬೆಲೆಯ ಜೊತೆಗೆ ಅದರ ಸದ್ದೂ ಹೊಗೆಯೂ ಕಾರಣ. 2002ರ ನಿಯಮ ಹೊಸ ಸೆಟ್ಟುಗಳ ಸದ್ದಿಗೆ ಒಂದು ಮೀಟರ್ ದೂರದಲ್ಲಿ 75 ಡೆಸಿಬಲ್ಲಿನ ಮಿತಿ ಹಾಕಿತು. ಆಮೇಲೆ ಬಂದವೇ ಸದ್ದು ನುಂಗುವ ಹಸಿರು ನೀಲಿ ಬಣ್ಣದ ಪೆಟ್ಟಿಗೆಗಳು. ಪೆಟ್ಟಿಗೆ ಸದ್ದಿನ ಜೊತೆ ಬಿಸಿಯನ್ನೂ ಒಳಗೇ ಹಿಡಿಯುತ್ತದೆ, ಗಾಳಿಯ ದಾರಿಗೆ ಅಡ್ಡವಾಗಿ ಹಳೆಯ ಕುರ್ಚಿ ಜೋಡಿಸಿಟ್ಟರೆ ದೀರ್ಘ ಓಟದಲ್ಲಿ ಎಂಜಿನ್ನು ಕಾದು ನಿಲ್ಲುತ್ತದೆ. 2023ರ ಜುಲೈಯಿಂದ ಹೊಗೆಯ ಮಿತಿ ಇನ್ನಷ್ಟು ಬಿಗಿಯಾಗಿ, ಎಂಜಿನ್ನಿಗೆ ಸೆನ್ಸರುಗಳೂ ಎಲೆಕ್ಟ್ರಾನಿಕ್ ನಿಯಂತ್ರಣವೂ ಬಂದಿವೆ. ಹ್ಯಾಂಡಲ್ಲಿನಿಂದ ಚಾಲೂ ಮಾಡುವ ಮಾತು ಅಲ್ಲಿಗೆ ಮುಗಿಯಿತು.

ಮೊದಲನೆಯ ಚರಿತ್ರೆಯ ಜನರೇಟರು ಪೂರ್ತಿ ಮರೆಯಾಗಿಲ್ಲ. ಮದುವೆ, ಜಾತ್ರೆ, ಆರ್ಕೆಸ್ಟ್ರಾ, ಶೂಟಿಂಗುಗಳಿಗೆ ಶಾಮಿಯಾನದವರಿಂದ ಬಾಡಿಗೆಗೆ ಹೋಗುವ ಸೆಟ್ಟುಗಳು ಈಗಲೂ ವಾರಕ್ಕೆ ನಾಲ್ಕು ರಾತ್ರಿ ಓಡುತ್ತವೆ. ಟೆಂಪೋದ ಹಿಂದೆ ಕೂರಿಸಿದ ಸೆಟ್ಟು, ಸುತ್ತಿಟ್ಟ ದಪ್ಪ ಕೇಬಲ್ಲು, ಎರಡು ಕ್ಯಾನು ಡೀಸೆಲ್, ಪಕ್ಕದಲ್ಲಿ ಚಾಪೆ ಹಾಸಿ ಮಲಗಿದ ಹುಡುಗ. ಎಂಜಿನ್ನಿನ ಸದ್ದು ಬದಲಾದರೆ ಅವನಿಗೆ ಎಚ್ಚರವಾಗುತ್ತದೆ. ಕಟ್ಟಡದ ಸ್ವಂತ ಸೆಟ್ಟು ಎರಡನೆಯ ದಿನ ಮಲಗಿದಾಗ ಅಪಾರ್ಟ್‌ಮೆಂಟಿನವರೂ ನರ್ಸಿಂಗ್ ಹೋಮಿನವರೂ ಫೋನು ಮಾಡುವುದು ಈ ಶಾಮಿಯಾನದವರಿಗೆ.